ಹಡಗಿನ ಮೇಲೆ ಇಳಿಯುವ ಜೆಟ್ ಬ್ರೇಕ್ ಹಾಕುತ್ತಾ?

ಹಿಂದಿನ ಸಂಚಿಕೆಯಲ್ಲಿ, ನೌಕಾಪಡೆಯಲ್ಲಿದ್ದಾಗ ಐಎನ್‌ಎಸ್ ವಿರಾಟ್ ಅನ್ನುವ ವಿಮಾನವಾಹಕ ಹಡಗಿನ ಡೆಕ್ ಮೇಲೆ ವಿಮಾನ ತಳ್ಳಿ, ಕಟ್ಟಿ, ಬಿಚ್ಚುವ ಕೆಲಸ ಮಾಡುತ್ತಿದ್ದೆ ಅಂತ ಎರಡು ಸಾಲು ಬರೆದಿದ್ದೇ ತಡ, ಕಾಫಿ ಗಿಡಕ್ಕೆ ಬೋರರ್ ಬಂದರೆ ಏನು ಮಾಡಲಿ, ಮೆಣಸು ಬಳ್ಳಿ ಯಾಕೆ ಒಣಗುತ್ತೆ ಅಂತ ಕೇಳುತ್ತಿದ್ದವರೆಲ್ಲ ಈ ಸಲ ಜೆಟ್ ಹಿಂದೆ ಬಿದ್ದಿದ್ದಾರೆ. ಬೋರರ್ ಮುಂದಿನ ತಿಂಗಳಿಗೆ ಇರಲಿ. ಹೇಗಿದ್ದರೂ ಮಳೆ ಬಿಟ್ಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ, ಮೂರು ದಿನದಿಂದ ಕರೆಂಟೂ ಇಲ್ಲ. ಕಿಟಕಿ ಹತ್ತಿರ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ.

ಪ್ರಶ್ನೆ: ಹಡಗಿನ ಮೇಲೆ ಇಳಿಯುವ ಪೈಲಟ್, ಚಕ್ರ ಡೆಕ್‌ಗೆ ತಾಗಿದ ತಕ್ಷಣ ಎಂಜಿನ್ ಪೂರ್ತಿ ಜೋರು ಮಾಡುತ್ತಾರೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಮ್ಮ ತಾತ ಇದನ್ನು ನಂಬಲ್ಲ. "ಇಳಿಯುವಾಗ ಎಂಜಿನ್ ಬಂದ್ ಮಾಡಬೇಕು, ಸುಮ್ನೆ ಏನೇನೋ ಹೇಳ್ತಾರೆ" ಅಂತಾರೆ. ಯಾರು ಸರಿ? ಬ್ರೇಕ್ ಇರಲ್ವಾ?
(ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪಲು)

ಉತ್ತರ: ವಿಡಿಯೊ ಸರಿ ತಮ್ಮಾ. ತಾತನೂ ಸರಿ, ಆದರೆ ಅವರದು 70 ವರ್ಷ ಹಳೆಯ ಸರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗ ಎಷ್ಟಿದೆ ನೋಡು. ಕೊಚ್ಚಿಯಲ್ಲಿ ಕಟ್ಟಿದ, 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ ಹೊಸ ವಿಕ್ರಾಂತ್ ಉದ್ದ 262 ಮೀಟರ್. ನಾಪೋಕ್ಲಿನಲ್ಲಿ ಹಾಕಿ ಹಬ್ಬ ನೋಡಿದವರಿಗೆ ಹೇಳುವುದು ಸುಲಭ. ಹಾಕಿ ಮೈದಾನದ ಉದ್ದ 91.4 ಮೀಟರ್. ಅಂಥ ಮೂರು ಮೈದಾನ ಉದ್ದಕ್ಕೆ ಜೋಡಿಸಿದರೆ ಹಡಗಿಗಿಂತ 12 ಮೀಟರ್ ಜಾಸ್ತಿಯೇ ಆಗುತ್ತೆ. ಅಷ್ಟೂ ಉದ್ದ ಇಳಿಯುವವನಿಗೆ ಸಿಗಲ್ಲ. ಅವನು ನಿಲ್ಲಬೇಕಾದ್ದು ಹೆಚ್ಚುಕಮ್ಮಿ ಒಂದು ಮೈದಾನದ ಉದ್ದದೊಳಗೆ. ಈ ಗೋಲ್ ಲೈನಿನಲ್ಲಿ ಹತ್ತಾರು ಟನ್ನಿನ ಜೆಟ್ ನುಗ್ಗುತ್ತೆ, ಆ ಗೋಲ್ ಲೈನ್ ಮುಟ್ಟುವ ಮೊದಲು ನಿಂತಿರಬೇಕು. ಯಾವ ಬ್ರೇಕ್ ತಡೆಯುತ್ತೆ ಹೇಳು? ಚಕ್ರಕ್ಕೆ ಬ್ರೇಕ್ ಇದೆ, ಆದರೆ ಅದು ಡೆಕ್ ಮೇಲೆ ಅತ್ತಿತ್ತ ಓಡಾಡಲು, ನಿಲ್ಲಿಸಿಟ್ಟಾಗ ಜಾರದಿರಲು. ಇಳಿಯುವಾಗ ಹಿಡಿದು ನಿಲ್ಲಿಸುವುದು ತಂತಿ ಹಗ್ಗ.

ಡೆಕ್‌ಗೆ ಅಡ್ಡವಾಗಿ ಕೆಲವೇ ಮೀಟರ್ ಅಂತರದಲ್ಲಿ ಉಕ್ಕಿನ ಹಗ್ಗ ಕಟ್ಟಿರುತ್ತಾರೆ. ನಮ್ಮ ಹಡಗುಗಳಲ್ಲಿ ಮೂರು, ಅಮೆರಿಕದ ನಿಮಿಟ್ಜ್ ಸಾಲಿನ ಹಡಗುಗಳಲ್ಲಿ ಹೆಚ್ಚಾಗಿ ನಾಲ್ಕು. ಜೆಟ್ಟಿನ ಬಾಲದ ಕೆಳಗೆ ಒಂದು ಉದ್ದ ಕೊಕ್ಕೆ. ಅದು ಯಾವುದಾದರೂ ಒಂದು ಹಗ್ಗಕ್ಕೆ ಸಿಕ್ಕಿಕೊಳ್ಳಬೇಕು. ಹಗ್ಗದ ಎರಡೂ ತುದಿ ಡೆಕ್ ಕೆಳಗಿನ ಯಂತ್ರಕ್ಕೆ ಹೋಗುತ್ತೆ. ಅಲ್ಲಿ ಒಂದು ಪಿಸ್ಟನ್ ದ್ರವವನ್ನು ಸಣ್ಣ ಕಿಂಡಿಯಲ್ಲಿ ಹಿಂಡುತ್ತಾ ಜೆಟ್ಟಿನ ವೇಗವನ್ನೆಲ್ಲ ಬಿಸಿಯಾಗಿ ತಿಂದು ಹಾಕುತ್ತೆ. ಬರುತ್ತಿರುವ ವಿಮಾನ ಯಾವುದು, ತೂಕ ಎಷ್ಟು ಅಂತ ನೋಡಿ ಪ್ರತಿ ಸಲವೂ ಆ ಕಿಂಡಿಯನ್ನು ಹೊಂದಿಸಬೇಕು. ಬಿಗಿ ಜಾಸ್ತಿಯಾದರೆ ವಿಮಾನಕ್ಕೆ ಏಟು, ಸಡಿಲವಾದರೆ ಸಮುದ್ರ.

ಕೊಕ್ಕೆ ಸಿಕ್ಕಿತೋ ಇಲ್ಲವೋ ಅಂತ ಪೈಲಟ್‌ಗೆ ಕಣ್ಣಿಂದ ಗೊತ್ತಾಗಲ್ಲ. ಮೈಗೆ ಗೊತ್ತಾಗಬೇಕು, ಬೆಲ್ಟ್ ಎದೆಗೆ ಒತ್ತಿದಾಗ. ಕೊಕ್ಕೆ ಹಗ್ಗದ ಮೇಲೆ ಹಾರಿಬಿಟ್ಟರೆ ಮುಂದೆ ಉಳಿಯುವ ಡೆಕ್ಕು ಎರಡು ಸೆಕೆಂಡಿನ ದಾರಿ. ಜೆಟ್ ಎಂಜಿನ್ ಬೈಕ್ ತರ ಅಲ್ಲ, ತಗ್ಗಿಸಿಬಿಟ್ಟರೆ ಮತ್ತೆ ಪೂರ್ತಿ ಬಲಕ್ಕೆ ಏರಲು ಕೆಲವು ಸೆಕೆಂಡ್ ಹಿಡಿಯುತ್ತೆ. "ಅಯ್ಯೋ ತಪ್ಪಿತು" ಅಂತ ಗೊತ್ತಾದ ಮೇಲೆ ರೈಸ್ ಮಾಡಿದರೆ ಎಂಜಿನ್ ಎದ್ದೇಳುವುದು ನೀರೊಳಗೆ. ಅದಕ್ಕೇ ಚಕ್ರ ತಾಗಿದ ಕ್ಷಣವೇ ಪೂರ್ತಿ ಜೋರು. ಹಗ್ಗ ಹಿಡಿದರೆ ಎಂಜಿನ್ ಎಷ್ಟು ಕೂಗಿದರೂ ನಿಲ್ಲುತ್ತೆ, ಆಮೇಲೆ ತಗ್ಗಿಸಿದರಾಯ್ತು. ಹಿಡಿಯದಿದ್ದರೆ ಹಾಗೇ ಹಾರಿ, ಒಂದು ಸುತ್ತು ಹಾಕಿ ಬರುವುದು. ಇದಕ್ಕೆ ಬೋಲ್ಟರ್ ಅಂತಾರೆ. ಪಳಗಿದವರಿಗೂ ಆಗುತ್ತೆ, ಯಾರೂ ಅವಮಾನ ಅಂದುಕೊಳ್ಳಲ್ಲ. ಅಂದರೆ ಪ್ರತಿ ಸಲವೂ ಪೈಲಟ್ ಹೊರಟು ಹೋಗಲು ತಯಾರಾಗಿಯೇ ಇಳಿಯುತ್ತಾರೆ, ನಿಲ್ಲಿಸುವುದು ಹಗ್ಗಕ್ಕೆ ಬಿಟ್ಟದ್ದು.

ಈಗ ತಾತನ ಮಾತು. ಹಳೆಯ ಹಡಗುಗಳಲ್ಲಿ ಡೆಕ್ಕು ಹಿಂದಿನಿಂದ ಮುಂದಕ್ಕೆ ನೇರ ಒಂದೇ ಪಟ್ಟಿ. ಹಿಂದೆ ಇಳಿಯುವುದು, ಮುಂದೆ ಬೇರೆ ವಿಮಾನ ಸಾಲಾಗಿ ನಿಲ್ಲಿಸಿರುವುದು, ನಡುವೆ ಒಂದು ಬಲೆ. ಹಗ್ಗ ತಪ್ಪಿದರೆ ಬಲೆ, ಬಲೆಯೂ ತಪ್ಪಿದರೆ ನಿಂತಿರುವ ವಿಮಾನಗಳ ರಾಶಿಗೇ ಡಿಕ್ಕಿ. ಅಲ್ಲಿ ಎಂಜಿನ್ ಜೋರು ಮಾಡುವುದು ಹುಚ್ಚುತನ. ಡೆಕ್ ಅಂಚಿನಲ್ಲಿ ಕೈಯಲ್ಲಿ ಬ್ಯಾಟ್ ಹಿಡಿದು ನಿಂತ ಅಧಿಕಾರಿ ಸನ್ನೆ ಮಾಡಿದ ತಕ್ಷಣ ಎಂಜಿನ್ ಕಟ್ ಮಾಡಲೇಬೇಕಿತ್ತು. 1951ರಲ್ಲಿ ಬ್ರಿಟನ್ನಿನ ಡೆನಿಸ್ ಕ್ಯಾಂಬೆಲ್ ಅನ್ನುವ ನೌಕಾ ಅಧಿಕಾರಿ ಒಂದು ಸರಳ ಉಪಾಯ ಹೇಳಿದರು. ಇಳಿಯುವ ಪಟ್ಟಿಯನ್ನು ಕೆಲವು ಡಿಗ್ರಿ ಎಡಕ್ಕೆ ಓರೆ ಮಾಡಿಬಿಡಿ ಅಂತ. ಹಗ್ಗ ತಪ್ಪಿದವನ ಮುಂದೆ ಈಗ ವಿಮಾನದ ರಾಶಿ ಇಲ್ಲ, ಬರೀ ಸಮುದ್ರ. ಹಾರಿ ಹೋಗಬಹುದು. ಬಣ್ಣ ಬಳಿದು ಗೆರೆ ಎಳೆದೇ ಮೊದಲ ಪರೀಕ್ಷೆ ಮಾಡಿದರಂತೆ. ನನ್ನ ಪ್ರಕಾರ ವಿಮಾನವಾಹಕ ಹಡಗಿನ ಕತೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಜಾಸ್ತಿ ಜೀವ ಉಳಿಸಿದ ಐಡಿಯಾ ಇನ್ನೊಂದಿಲ್ಲ. ತಾತನಿಗೆ ಈ ಓರೆ ಗೆರೆ ಚಿತ್ರ ಬರೆದು ತೋರಿಸು, ಒಪ್ಪುತ್ತಾರೆ.

ಇನ್ನೊಂದು ವಿಷಯ. ಭೂಮಿ ಮೇಲೆ ಇಳಿಯುವ ವಿಮಾನ ಕೊನೆಗೆ ಮೂಗು ಎತ್ತಿ ಮೆಲ್ಲಗೆ ತೇಲಿ ಕೂರುತ್ತೆ. ಹಡಗಿನಲ್ಲಿ ಆ ನಯ ಇಲ್ಲ. ತೇಲಿದರೆ ಹಗ್ಗ ದಾಟಿ ಹೋಗುತ್ತೆ. ಬಂದ ಇಳಿಜಾರಿನಲ್ಲೇ ಬಂದು ದಬ್ ಅಂತ ಬೀಳಬೇಕು. ಲೆಕ್ಕ ಹಾಕಿದರೆ ಇಡೀ ವಿಮಾನವನ್ನು ಒಂದೂವರೆ-ಎರಡು ಅಡಿ ಎತ್ತರದಿಂದ ಕೈಬಿಟ್ಟ ಹಾಗೆ. ಬೆಂಗಳೂರಿನಲ್ಲಿ ತಯಾರಾದ ತೇಜಸ್‌ನ ನೌಕಾ ಮಾದರಿಗೆ ಚಕ್ರದ ಕಾಲುಗಳನ್ನು ಗಟ್ಟಿ ಮಾಡಿದ್ದು ಇದಕ್ಕೇ. ಪೈಲಟ್‌ಗೆ ಡೆಕ್ ಕಾಣಲಿ ಅಂತ ಮೂಗನ್ನೂ ಕೆಳಕ್ಕೆ ಬಾಗಿಸಿದ್ದಾರೆ. 2020ರ ಜನವರಿ 11ರಂದು ಅದು ನಮ್ಮ ಇನ್ನೊಂದು ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಮೇಲೆ ಹಗ್ಗ ಹಿಡಿದು ನಿಂತಿತು. ಪೈಲಟ್ ಕಮೊಡೋರ್ ಜೈದೀಪ್ ಮಾವಳಂಕರ್.

ಪ್ರಶ್ನೆ: ಕಾರವಾರದಲ್ಲಿ ಹಡಗು ದಡಕ್ಕೆ ಕಟ್ಟಿ ನಿಂತಿರುವಾಗಲೇ ಜೆಟ್ ಹಾರಿಸಬಹುದಲ್ಲ? ಯಾಕೆ ಸಮುದ್ರದ ಮಧ್ಯಕ್ಕೇ ಹೋಗಬೇಕು?
(ನಿವೃತ್ತ ಮೇಷ್ಟ್ರು, ಮಡಿಕೇರಿ)

ಉತ್ತರ: ಗಾಳಿಗಾಗಿ ಸಾರ್. ರೆಕ್ಕೆಗೆ ಬೇಕಾದ್ದು ನೆಲದ ವೇಗ ಅಲ್ಲ, ಗಾಳಿಯ ವೇಗ. ವಿಕ್ರಾಂತ್ ಜೋರಾಗಿ ಓಡಿದರೆ 28 ನಾಟ್, ಅಂದರೆ ಗಂಟೆಗೆ ಸುಮಾರು 52 ಕಿ.ಮೀ. ವಿಮಾನ ಹಾರಿಸುವ ಮೊದಲು, ಇಳಿಸುವ ಮೊದಲು ಹಡಗು ಗಾಳಿ ಎಲ್ಲಿಂದ ಬರುತ್ತಿದೆಯೋ ಅತ್ತ ಮೂತಿ ತಿರುಗಿಸಿ ಓಡುತ್ತೆ. ಆಗ ಜೆಟ್ ಇನ್ನೂ ನಿಂತಲ್ಲೇ ನಿಂತಿರುವಾಗಲೇ ರೆಕ್ಕೆ ಮೇಲೆ 50 ಕಿ.ಮೀ. ಗಾಳಿ ಹರಿಯುತ್ತಿರುತ್ತೆ. ಪುಕ್ಕಟೆ.

ಇಳಿಯುವವನಿಗೆ ಇದು ಇನ್ನೂ ಲಾಭ. ಗಾಳಿಯಲ್ಲಿ 240 ಕಿ.ಮೀ. ವೇಗದಲ್ಲಿ ಬರುತ್ತಿದ್ದಾನೆ ಅಂದುಕೊಳ್ಳಿ. ಹಡಗು 50ರಲ್ಲಿ ಮುಂದೆ ಓಡುತ್ತಿದ್ದರೆ ಡೆಕ್ಕಿನ ಮಟ್ಟಿಗೆ ಅವನ ವೇಗ 190. ವ್ಯತ್ಯಾಸ ಕಮ್ಮಿ ಅನಿಸುತ್ತೆ. ಆದರೆ ಹಗ್ಗ ತಿನ್ನಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಹೋಗುವುದು ನಿಮಗೆ ಗೊತ್ತೇ ಇದೆ. ಗುಣಿಸಿ ನೋಡಿ, ಮೂರನೇ ಒಂದು ಪಾಲಿಗಿಂತ ಜಾಸ್ತಿ ಉಳಿತಾಯ. 90 ಮೀಟರ್‌ನಲ್ಲಿ ನಿಲ್ಲಲು ಮೂರು ಸೆಕೆಂಡ್ ಚಿಲ್ಲರೆ ಸಾಕು.

1971ರ ಯುದ್ಧದಲ್ಲಿ ಹಳೆಯ ವಿಕ್ರಾಂತ್‌ನ ಒಂದು ಬಾಯ್ಲರ್ ಕೆಟ್ಟು ಕೂತಿತ್ತು, ಪೂರ್ತಿ ವೇಗ ಸಿಗುತ್ತಿರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಗಾಳಿಯೂ ಬಿದ್ದ ದಿನ ವಿಮಾನ ಎಬ್ಬಿಸುವುದೇ ತಲೆನೋವು. ಆದರೂ ಅದೇ ಹಡಗಿನಿಂದ ಸೀ ಹಾಕ್‌ಗಳು ಹೋಗಿ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು.

ಕಾರವಾರಕ್ಕೆ ಹಡಗು ಬರುವ ಮೊದಲು ಜೆಟ್‌ಗಳು ಸಾಮಾನ್ಯವಾಗಿ ಹಾರಿ ಗೋವಾದ ಐಎನ್‌ಎಸ್ ಹಂಸಾಕ್ಕೆ ಹೋಗಿಬಿಡುತ್ತವೆ, ಅವುಗಳ ಮನೆ ಅದೇ. ಹಡಗಿನ ಹಾಗೇ ಏರುದಿಬ್ಬ, ತಂತಿ ಹಗ್ಗ ಎಲ್ಲ ಇರುವ ಪಟ್ಟಿಯೊಂದು ಅಲ್ಲಿ ನೆಲದ ಮೇಲೇ ಇದೆ. ಪೈಲಟ್‌ಗಳು ಮೊದಲು ಕೈ ಪಳಗಿಸಿಕೊಳ್ಳುವುದು ಅಲ್ಲಿ.

ಪ್ರಶ್ನೆ: ಅಮೆರಿಕದ ಹಡಗಿನಲ್ಲಿ ಜೆಟ್ಟನ್ನು ಕವಣೆ ಕಲ್ಲಿನ ಹಾಗೆ ಎಸೆಯುತ್ತಾರೆ. ನಮ್ಮದರಲ್ಲಿ ಮುಂದೆ ಡೆಕ್ಕೇ ಮೇಲಕ್ಕೆ ಬಾಗಿದೆ. ನಾನು ತೋಟದಲ್ಲಿ ಹಂಪ್ ಮೇಲೆ ಜೀಪು ಜೋರಾಗಿ ಬಿಟ್ಟರೆ ಮೂಗು ಕೆಳಗಾಗಿ ಬೀಳುತ್ತೆ. ಜೆಟ್ ಯಾಕೆ ಬೀಳಲ್ಲ?
(ಕಾಫಿ ಬೆಳೆಗಾರ, ವಿರಾಜಪೇಟೆ ಹತ್ತಿರ)

ಉತ್ತರ: ಮೊದಲು ಜೀಪಿನ ಮೇಲೆ ಸ್ವಲ್ಪ ಕರುಣೆ ಇರಲಿ.

ಜೆಟ್ಟೂ ಬೀಳಲು ಶುರು ಮಾಡುತ್ತೆ, ಅದೇ ಗಮ್ಮತ್ತು. ವಿಕ್ರಮಾದಿತ್ಯದ ದಿಬ್ಬ 14 ಡಿಗ್ರಿ. ಅದರ ತುದಿ ಬಿಡುವಾಗ ಜೆಟ್‌ಗೆ ಹಾರುವಷ್ಟು ವೇಗ ಬಂದೇ ಇರಲ್ಲ. ಲೆಕ್ಕಕ್ಕೆ ಅಂತ 180 ಕಿ.ಮೀ. ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 50 ಮೀಟರ್. 14 ಡಿಗ್ರಿ ಓರೆಯಿಂದ ಅದರಲ್ಲಿ 12 ಮೀಟರ್ ಮೇಲ್ಮುಖ. ಕಲ್ಲನ್ನೇ ಆ ವೇಗದಲ್ಲಿ ಮೇಲಕ್ಕೆಸೆದರೂ ಹೊರಟ ಎತ್ತರಕ್ಕೆ ವಾಪಸ್ ಬರಲು ಎರಡೂವರೆ ಸೆಕೆಂಡ್ ಹತ್ತಿರ ಬೇಕು. ಜೆಟ್‌ಗೆ ರೆಕ್ಕೆಯೂ ಇದೆ, ಅದು ಅರ್ಧಂಬರ್ಧವಾದರೂ ಹೊರುತ್ತಿದೆ, ಹಾಗಾಗಿ ಇನ್ನೂ ಜಾಸ್ತಿ ಸಮಯ. ಆ ಹೊತ್ತಿನಲ್ಲಿ ಎಂಜಿನ್ ತಳ್ಳುತ್ತಲೇ ಇರುತ್ತೆ. ಬೀಳುವಷ್ಟರಲ್ಲಿ ಹಾರುವ ವೇಗ ಬಂದಿರುತ್ತೆ. ಡೆಕ್ಕಿನಲ್ಲಿ ಸಿಗದ ರನ್‌ವೇಯನ್ನು ಗಾಳಿಯಲ್ಲಿ ಸಾಲ ತಗೊಂಡ ಹಾಗೆ. 1970ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಡಗ್ಲಸ್ ಟೇಲರ್ ಅನ್ನುವವರ ತಲೆಯಲ್ಲಿ ಹೊಳೆದದ್ದು ಇದು.

ವಿರಾಟ್‌ನಲ್ಲಿ ಸೀ ಹ್ಯಾರಿಯರ್ ದಿಬ್ಬ ಬಿಡುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಳಿಯುವಾಗ ಅದಕ್ಕೆ ಹಗ್ಗವೇ ಬೇಡ, ಗಾಳಿಯಲ್ಲಿ ನಿಂತು ನೇರ ಕೆಳಗಿಳಿಯುತ್ತಿತ್ತು. ಹಾರುವಾಗ ಮಾತ್ರ ದಿಬ್ಬ. ತುದಿ ದಾಟಿದ ಮೇಲೆ ಒಂದು ಗಳಿಗೆ ಅದು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ ಅನ್ನುವ ಹಾಗೆ ಕಾಣುತ್ತಿತ್ತು. ಮೊದಲ ದಿನ ನಾನು ಉಸಿರು ಬಿಗಿ ಹಿಡಿದಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೋಡಿ ನಕ್ಕರು.

ಈಗಿನ ಮಿಗ್-29ಕೆ ಹೊರಡುವಾಗ ಚಕ್ರದ ಮುಂದೆ ಡೆಕ್ಕಿನೊಳಗಿಂದ ತಡೆಗಟ್ಟೆ ಎದ್ದು ನಿಲ್ಲುತ್ತೆ. ಎಂಜಿನ್ ಪೂರ್ತಿ ಜೋರಾಗಿ ಹಿಂದಿನಿಂದ ಬೆಂಕಿ ಬರುವ ತನಕ ಅದು ಹಿಡಿದಿರುತ್ತೆ, ಆಮೇಲೆ ಒಮ್ಮೆಗೇ ಕೆಳಗೆ ಬೀಳುತ್ತೆ. ನೀವು ಕೆಸರಲ್ಲಿ ಕಲ್ಲು ಕೊಟ್ಟು ನಿಲ್ಲಿಸಿದ ಜೀಪನ್ನು ರೈಸ್ ಮಾಡಿ ಕಲ್ಲು ಎಳೆದುಬಿಟ್ಟ ಹಾಗೆ.

ಇದರ ಕೊರತೆ ತೂಕ. ಟ್ಯಾಂಕ್ ತುಂಬಾ ಎಣ್ಣೆ, ರೆಕ್ಕೆ ತುಂಬಾ ಬಾಂಬು ಹೇರಿಕೊಂಡು ದಿಬ್ಬ ಹತ್ತುವುದು ಕಷ್ಟ. ದೊಡ್ಡ ರೇಡಾರ್ ಹೊತ್ತ ಭಾರದ ವಿಮಾನವಂತೂ ಆಗಲ್ಲ. ಅದಕ್ಕೆ ನಾವು ಕಾಮೋವ್-31 ಹೆಲಿಕಾಪ್ಟರ್ ಇಟ್ಟುಕೊಂಡಿದ್ದೇವೆ. ಅಮೆರಿಕದ ಹಬೆ ಕವಣೆ ಸುಮಾರು 90 ಮೀಟರ್‌ನಲ್ಲಿ, ಎರಡೂವರೆ ಸೆಕೆಂಡಿನಲ್ಲಿ ಜೆಟ್ಟನ್ನು 265 ಕಿ.ಮೀ. ವೇಗಕ್ಕೆ ತಲುಪಿಸುತ್ತೆ. ಅವರ ಹಾರ್ನೆಟ್ ವಿಮಾನದಲ್ಲಿ ಕವಣೆ ಎಸೆಯುವಾಗ ಪೈಲಟ್ ವಿಮಾನ ನಡೆಸುವ ಸ್ಟಿಕ್ ಮುಟ್ಟುವ ಹಾಗಿಲ್ಲ, ಬಲಗೈಯಲ್ಲಿ ಮೇಲಿನ ಹಿಡಿ ಹಿಡಿದುಕೊಂಡಿರುತ್ತಾರೆ, ನಮ್ಮ ಬಸ್ಸಿನಲ್ಲಿ ನಿಂತವರ ಹಾಗೆ. ಆ ಎಳೆತಕ್ಕೆ ಕೈ ತಾನಾಗಿ ಸ್ಟಿಕ್ ಎಳೆದುಬಿಟ್ಟರೆ ಕೆಲಸ ಕೆಡುತ್ತೆ ಅಂತ. ಹಬೆಗೆ ಬಾಯ್ಲರ್ ಬೇಕು, ಹೊಸ ವಿಕ್ರಾಂತ್ ಓಡುವುದು ಗ್ಯಾಸ್ ಟರ್ಬೈನ್‌ನಲ್ಲಿ, ಅಲ್ಲಿ ಹಬೆಯೇ ಇಲ್ಲ. ಈಗ ಅಮೆರಿಕದ ಜೆರಾಲ್ಡ್ ಫೋರ್ಡ್, ಚೀನಾದ ಫುಜಿಯಾನ್ ಹಡಗುಗಳಲ್ಲಿ ಹಬೆ ಬಿಟ್ಟು ವಿದ್ಯುತ್ ಕವಣೆ ಬಂದಿದೆ.

ಪ್ರಶ್ನೆ: ಹಗ್ಗ ತುಂಡಾದರೆ?
(ಸೋಮವಾರಪೇಟೆಯಿಂದ ಒಂದೇ ಸಾಲಿನ ಪೋಸ್ಟ್‌ಕಾರ್ಡ್)

ಉತ್ತರ: ಆಗಿದೆ. 2016ರ ಮಾರ್ಚ್‌ನಲ್ಲಿ ಅಮೆರಿಕದ ಐಸೆನ್‌ಹೋವರ್ ಹಡಗಿನಲ್ಲಿ ಹಾಕ್‌ಐ ಅನ್ನುವ ರೇಡಾರ್ ವಿಮಾನ ಇಳಿಯುವಾಗ ಹಗ್ಗ ಹರಿಯಿತು. ಡೆಕ್ ಮೇಲಿದ್ದ ಎಂಟು ಮಂದಿಗೆ ಏಟು. ವಿಮಾನ ಡೆಕ್ ತುದಿಯಿಂದ ಕೆಳಕ್ಕೆ ಬಿದ್ದು ಕಣ್ಮರೆಯಾಗಿ, ನೀರು ಮುಟ್ಟುವ ಹಾಗಾಗಿ, ಮತ್ತೆ ಮೇಲೆದ್ದು ಹಾರಿತು. ಎಂಜಿನ್ ಜೋರಿನಲ್ಲೇ ಇದ್ದದ್ದಕ್ಕೆ ಬದುಕಿತು. ಗೋಣಿಕೊಪ್ಪಲಿನ ತಾತ ಇದನ್ನೂ ಓದಲಿ.

ವಿಮಾನಕ್ಕಿಂತ ಜಾಸ್ತಿ ಅಪಾಯ ಹಗ್ಗದ್ದೇ. ಬಿಗಿಯಲ್ಲಿದ್ದ ತಂತಿ ಹರಿದರೆ ಚಾಟಿ ಬೀಸಿದ ಹಾಗೆ ಬರುತ್ತೆ. ನಮ್ಮಲ್ಲಿ ಮರ ಎಳೆಸುವವರಿಗೆ ಇದನ್ನು ಹೇಳಬೇಕಾಗಿಲ್ಲ. ಒಂದು ಮಳೆಗಾಲ ತೋಡಿಗೆ ಇಳಿದಿದ್ದ ಜೀಪನ್ನು ವಿಂಚ್ ಹಾಕಿ ಎಳೆಸುತ್ತಿದ್ದೆ. ತಂತಿ ಹಳೆಯದು, ಒಂದೆರಡು ಎಳೆ ಎದ್ದದ್ದು ಕಂಡಿತ್ತು, "ಇದೊಂದು ಸಲ ತಡೆಯುತ್ತೆ ಬಿಡು" ಅಂದೆ. ತಡೆಯಲಿಲ್ಲ. ಪಕ್ಕದ ಸಿಲ್ವರ್ ಮರದ ತೊಗಟೆ ಒಂದು ಮೊಳ ಉದ್ದ ಕಿತ್ತುಹೋಯಿತು. ಅಲ್ಲಿ ನಿಲ್ಲಬೇಡ ಅಂತ ಕೆಲಸದ ಹುಡುಗನನ್ನು ಆಗಷ್ಟೇ ಬೈದು ಕಳಿಸಿದ್ದೆ. ಹಡಗಿನಲ್ಲಿ ಈ "ಇದೊಂದು ಸಲ" ಇಲ್ಲ. ಇಷ್ಟು ಲ್ಯಾಂಡಿಂಗ್ ಆಯ್ತು ಅಂದರೆ ನೋಡಲು ಚೆನ್ನಾಗಿದ್ದರೂ ಹಗ್ಗ ಬಿಚ್ಚಿ ಹೊಸದು ಹಾಕುತ್ತಾರೆ.

ಪ್ರಶ್ನೆ: ರಾತ್ರಿ ಕತ್ತಲಲ್ಲಿ ಎತ್ತರ ಹೇಗೆ ಗೊತ್ತಾಗುತ್ತೆ? ಮೊಟ್ಟಮೊದಲು ಇಂಥ ಸಾಹಸ ಮಾಡಿದವರು ಯಾರು?
(ಕಾಲೇಜು ಉಪನ್ಯಾಸಕಿ, ಕುಶಾಲನಗರ)

ಉತ್ತರ: ದೀಪ ನೋಡಿ ಮೇಡಂ. ಡೆಕ್ ಅಂಚಿನಲ್ಲಿ ಒಂದು ದೀಪದ ಸಾಧನ ಇರುತ್ತೆ. ಸರಿಯಾದ ಇಳಿಜಾರಿನಲ್ಲಿದ್ದರೆ ನಡುವಿನ ಬೆಳಕು ಪಕ್ಕದ ಹಸಿರು ಸಾಲಿನ ಮಟ್ಟಕ್ಕೆ ಕಾಣುತ್ತೆ. ಮೇಲಿದ್ದರೆ ಮೇಲೆ, ಕೆಳಗಿದ್ದರೆ ಕೆಳಗೆ. ಇದರ ಮೊದಲ ರೂಪ ಬರೀ ಕನ್ನಡಿ. ಬ್ರಿಟನ್ನಿನ ನಿಕೊಲಸ್ ಗುಡ್‌ಹಾರ್ಟ್ ಇದನ್ನು ಯೋಚಿಸಿದಾಗ ಮೇಲಧಿಕಾರಿಗೆ ಅರ್ಥ ಮಾಡಿಸಲು ಕಚೇರಿಯ ಸೆಕ್ರೆಟರಿಯ ಪೌಡರ್ ಡಬ್ಬಿಯ ಕನ್ನಡಿ ಮತ್ತು ಲಿಪ್‌ಸ್ಟಿಕ್ ಇಸಕೊಂಡರು. ಕನ್ನಡಿ ಮೇಲೆ ಗೆರೆ ಎಳೆದು ಮೇಜಿನ ಮೇಲಿಟ್ಟು, ಬೆಳಕು ಗೆರೆಯಿಂದ ಜಾರದ ಹಾಗೆ ತಲೆ ತಗ್ಗಿಸುತ್ತಾ ನಡೆದು ಬನ್ನಿ ಅಂದರು. ಹಾಗೆ ನಡೆದು ಬಂದವರ ಗಲ್ಲ ಮೇಜಿಗೆ ಬಂದು ಮುಟ್ಟಿತು. ಅಷ್ಟೇ, ಲ್ಯಾಂಡಿಂಗ್ ಆಯ್ತು. ಡೆಕ್ ಮೇಲೆ ನಿಂತು ರೇಡಿಯೊದಲ್ಲಿ ತಿದ್ದುವ ಅಧಿಕಾರಿ ಈಗಲೂ ಇರುತ್ತಾರೆ, ಅವರೂ ಪೈಲಟ್ಟೇ. ಹೊಸ ವಿಕ್ರಾಂತ್ ಮೇಲೆ ಮಿಗ್-29ಕೆ ಮೊದಲ ಸಲ ರಾತ್ರಿ ಇಳಿದದ್ದು 2023ರ ಮೇ ತಿಂಗಳಲ್ಲಿ.

ಮೊಟ್ಟಮೊದಲು ಇಳಿದವರು ಅಮೆರಿಕದ ಯುಜೀನ್ ಈಲಿ, 1911ರ ಜನವರಿ 18ರಂದು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. ಆಗಲೂ ಕೊಕ್ಕೆ ಮತ್ತು ಹಗ್ಗವೇ. ಹಗ್ಗದ ಎರಡೂ ತುದಿಗೆ 23 ಕಿಲೋ ಮರಳಿನ ಚೀಲ, ನಮ್ಮ ಕಾಫಿ ಮೂಟೆಯ ಅರ್ಧ ತೂಕ. ಅವರಿಗೆ ಈಜು ಬರುತ್ತಿರಲಿಲ್ಲ, ಸೈಕಲ್ ಟ್ಯೂಬು ಮೈಗೆ ಸುತ್ತಿಕೊಂಡಿದ್ದರು. ಜೆಟ್ಟಿನಲ್ಲಿ ಮೊದಲು ಇಳಿದವರು ಬ್ರಿಟನ್ನಿನ ಎರಿಕ್ ಬ್ರೌನ್, 1945ರ ಡಿಸೆಂಬರ್‌ನಲ್ಲಿ. ನಮ್ಮ ಹಳೆಯ ವಿಕ್ರಾಂತ್ ಮೇಲೆ 1961ರಲ್ಲಿ ಮೊದಲು ಇಳಿದ ಭಾರತೀಯ ತಹಿಲಿಯಾನಿ, ಮುಂದೆ ನೌಕಾಪಡೆಯ ಮುಖ್ಯಸ್ಥರಾದವರು.

ಪ್ರಶ್ನೆ: ಮಗಳಿಗೆ ಹಡಗಿನ ಫೈಟರ್ ಪೈಲಟ್ ಆಗುವ ಆಸೆ. ಹುಡುಗಿಯರನ್ನು ತಗೋತಾರಾ?
(ತಾಯಿ, ಶನಿವಾರಸಂತೆ)

ಉತ್ತರ: ತಗೋತಾರೆ ಅಕ್ಕ. 2025ರ ಜುಲೈನಲ್ಲಿ ಸಬ್ ಲೆಫ್ಟಿನೆಂಟ್ ಆಸ್ತಾ ಪೂನಿಯಾ ನೌಕಾಪಡೆಯ ಫೈಟರ್ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು. ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎಯಲ್ಲಿ 2022ರಿಂದ ಹುಡುಗಿಯರಿದ್ದಾರೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬಿಡಬಾರದು. ಕೂಡಿಗೆಯ ಸೈನಿಕ ಶಾಲೆಯಲ್ಲೂ ಈಗ ಹೆಣ್ಣುಮಕ್ಕಳಿಗೆ ಪ್ರವೇಶ ಇದೆ, ವಯಸ್ಸು ಮೀರುವ ಮೊದಲು ವಿಚಾರಿಸಿ. ಕೊಡಗು ಅಂದರೆ ಎಲ್ಲರೂ ಕಾರ್ಯಪ್ಪ, ತಿಮ್ಮಯ್ಯ ಅಂತಾರೆ, ಆಕಾಶ ಅಂದರೆ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅಂತಾರೆ. ನೀರಿನ ಕಡೆಯೂ ಒಂದು ಹೆಸರು ಸೇರಲಿ.

ಪ್ರಶ್ನೆ: ಟಿವಿಯಲ್ಲಿ ನೋಡಿದೆ, ಹಡಗಿನ ಡೆಕ್ ಮೇಲೆ ಎಲ್ಲರೂ ಸಾಲಾಗಿ ತಲೆ ಬಗ್ಗಿಸಿ ನಿಧಾನ ನಡೀತಾರೆ. ಅದೇನು, ಪ್ರಾರ್ಥನೆಯಾ?
(ಗೃಹಿಣಿ, ಪೊನ್ನಂಪೇಟೆ)

ಉತ್ತರ: ಕಾಫಿ ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಾರಲ್ಲ, ಅದೇ. ಜೆಟ್ ಎಂಜಿನ್ ಮುಂದಿರುವುದನ್ನೆಲ್ಲ ಹೀರುತ್ತೆ. ಒಂದು ಸ್ಕ್ರೂ, ಒಂದು ತಂತಿ ತುಂಡು ಒಳಗೆ ಹೋದರೂ ಎಂಜಿನ್ ಹಾಳು. ಅದಕ್ಕೇ ಹಾರಾಟಕ್ಕೆ ಮೊದಲು ಅಧಿಕಾರಿ, ಅಡುಗೆಯವನು ಅಂತ ಭೇದ ಇಲ್ಲದೆ ಭುಜಕ್ಕೆ ಭುಜ ತಾಗಿಸಿ ಈ ತುದಿಯಿಂದ ಆ ತುದಿಗೆ ನೆಲ ನೋಡುತ್ತಾ ನಡೆಯುವುದು. ಬೆಳಗಿನ ಜಾವ, ಡೆಕ್ ಮೇಲೆ ಉಪ್ಪಿನ ತೇವ, ಯಾರೂ ಮಾತಾಡಲ್ಲ. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಕೊನೆಗೆ ಒಪ್ಪಿಸಬೇಕು. ನಾನು ಒಂದು ದಿನ ದೊಡ್ಡ ಹೆಮ್ಮೆಯಿಂದ ಅಂಗಿಯ ಗುಂಡಿಯೊಂದನ್ನು ಹೆಕ್ಕಿ ಒಪ್ಪಿಸಿದೆ. ತಗೊಂಡವರು ಗುಂಡಿ ನೋಡಿದರು, ಆಮೇಲೆ ನನ್ನ ಅಂಗಿ ನೋಡಿದರು. ಮೇಲಿಂದ ಮೂರನೆಯದು ಇರಲಿಲ್ಲ.